ಕಾಲು ತೆಗೆಸುವ ಮುನ್ನ ರಕ್ತನಾಳ ನೋಡಿಸಿ

ಅರವತ್ತರ ಆಸುಪಾಸಿನ ಯಜಮಾನರು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದಕ್ಕಿಂತ ಹಳೆಯದಾದ ಬೀಡಿಯ ಚಟ. ಮೊದಮೊದಲು ಬಸ್ ನಿಲ್ದಾಣದವರೆಗೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಸರಿಹೋಗುತ್ತಿತ್ತು. ವಯಸ್ಸಾಯಿತು, ವಾಯು ಇರಬೇಕು ಎಂದು ಎಣ್ಣೆ ತಿಕ್ಕಿಸಿಕೊಂಡರು. ಕ್ರಮೇಣ ರಾತ್ರಿ ಮಲಗಿದಾಗಲೂ ಪಾದದಲ್ಲಿ ನೋವು ಶುರುವಾಯಿತು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ತುಸು ಹಿತ. ಕೊನೆಗೆ ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿನ ಪಕ್ಕ ಸಣ್ಣ ಗಾಯವಾಯಿತು. ತಿಂಗಳಾದರೂ ಮಾಯಲಿಲ್ಲ, ಬೆರಳು ಕಪ್ಪಿಟ್ಟಿತು. ಆಸ್ಪತ್ರೆಯಲ್ಲಿ "ಕಾಲು ತೆಗೆಯಬೇಕಾಗಬಹುದು" ಎಂಬ ಮಾತು ಕೇಳಿ ಮನೆಯವರೆಲ್ಲ ಕುಸಿದುಹೋದರು.

ಇದು ಒಬ್ಬರ ಕಥೆಯಲ್ಲ. ಇಂಥ ಕಥೆ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಈ ಹಂತದಲ್ಲಿ ಒಬ್ಬ ವೈದ್ಯರು "ಆಂಜಿಯೋಗ್ರಾಂ ಮಾಡಿಸಿ" ಎನ್ನುತ್ತಾರೆ. ಇನ್ನೊಬ್ಬರು "ಎಂ.ಆರ್. ಆಂಜಿಯೋಗ್ರಾಂ ಸಾಕು" ಎನ್ನುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ? ಯಾವುದು ಹೆಚ್ಚು ಸುರಕ್ಷಿತ? ಎರಡೂ ಬೇಕೆ? ಗಾಬರಿಯಲ್ಲಿರುವ ಮನೆಯವರಿಗೆ ಇದನ್ನೆಲ್ಲ ಕೇಳಲೂ ತೋಚುವುದಿಲ್ಲ. ಅದನ್ನು ತಿಳಿಸಲೆಂದೇ ಈ ಲೇಖನ.

ರಕ್ತ ಹರಿಯುವ ದಾರಿ

ಹೃದಯದಿಂದ ಹೊರಟ ಮಹಾಪಧಮನಿ ಹೊಟ್ಟೆಯೊಳಗೆ ಇಳಿದು, ಸುಮಾರು ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಒಂದು ಬಲಗಾಲಿಗೆ, ಇನ್ನೊಂದು ಎಡಗಾಲಿಗೆ. ಪ್ರತಿಯೊಂದು ಕವಲೂ ತೊಡೆಸಂದಿನ ಮೂಲಕ ತೊಡೆಗೆ ಬಂದು, ಮಂಡಿಯ ಹಿಂಭಾಗದಲ್ಲಿ ಹಾದು, ಮಂಡಿಯ ಕೆಳಗೆ ಮೂರು ಸಣ್ಣ ಕವಲುಗಳಾಗಿ ಪಾದದತ್ತ ಸಾಗುತ್ತದೆ. ಊರಿನ ಕಾಲುವೆಯಂತೆಯೇ ಇದು. ಮೇಲಿನ ತೂಬಿನಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರಿಲ್ಲ. ಕಾಲಿನ ವಿಷಯದಲ್ಲಿ ಆ ಕೊನೆಯ ಗದ್ದೆ ಕಾಲ್ಬೆರಳು.

ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದಂಶ ಶೇಖರವಾಗಿ ದಾರಿ ಕಿರಿದಾಗುವುದೇ ಈ ಕಾಯಿಲೆಯ ಮೂಲ. ತಂಬಾಕು, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಹೆಚ್ಚಿದ ಕೊಲೆಸ್ಟರಾಲ್ ಇದಕ್ಕೆ ಮುಖ್ಯ ಕಾರಣಗಳು. ಮೂವತ್ತು-ನಲವತ್ತರ ವಯಸ್ಸಿನ ಬೀಡಿ ಸೇದುವವರಲ್ಲಿ ಇನ್ನೊಂದು ಬಗೆಯೂ ಉಂಟು. ಇದನ್ನು 1908ರಲ್ಲಿ ವಿವರಿಸಿದ ಲಿಯೋ ಬರ್ಜರ್ ಎಂಬ ವೈದ್ಯರ ಹೆಸರಿನಿಂದ ಬರ್ಜರ್ಸ್ ಕಾಯಿಲೆ ಎಂದು ಕರೆಯುತ್ತಾರೆ. ಇದರಲ್ಲಿ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುತ್ತವೆ. ತಂಬಾಕು ಬಿಡದೆ ಇದು ಹತೋಟಿಗೆ ಬರುವುದಿಲ್ಲ.

ಮೊದಲು ಕೈಬೆರಳು, ಆಮೇಲೆ ಯಂತ್ರ

ದೊಡ್ಡ ಪರೀಕ್ಷೆಗಳ ಮಾತು ಬರುವ ಮುನ್ನವೇ ವೈದ್ಯರು ನಿಮ್ಮ ಕಾಲನ್ನು ಮುಟ್ಟಿ ನೋಡಬೇಕು. ತೊಡೆಸಂದು, ಮಂಡಿಯ ಹಿಂಭಾಗ, ಪಾದದ ಮೇಲ್ಭಾಗ, ಒಳಹರಡಿನ ಹಿಂದೆ ನಾಡಿ ಸಿಗುತ್ತದೆಯೆ ಎಂದು ಹುಡುಕುತ್ತಾರೆ. ನಂತರ ತೋಳಿನ ಮತ್ತು ಕಾಲಿನ ಹರಡಿನ ರಕ್ತದೊತ್ತಡವನ್ನು ಅಳೆದು ಹೋಲಿಸುತ್ತಾರೆ. ತೋಳಿನಲ್ಲಿ 140, ಹರಡಿನಲ್ಲಿ 70 ಇದ್ದರೆ ಅನುಪಾತ 0.5. ಆರೋಗ್ಯವಂತರಲ್ಲಿ ಇದು 1ರ ಆಸುಪಾಸಿನಲ್ಲಿರುತ್ತದೆ. 0.9ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆಯೆಂದೇ ಅರ್ಥ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಸುಣ್ಣಗಟ್ಟಿ ಗಡುಸಾಗುವುದರಿಂದ ಈ ಲೆಕ್ಕ ಸುಳ್ಳಾಗಿ ಹೆಚ್ಚು ತೋರಿಸಬಹುದು. ಅಂಥವರಿಗೆ ಕಾಲ್ಬೆರಳಿನ ಒತ್ತಡ ನೋಡುವುದು ಮೇಲು.

ಮುಂದಿನ ಮೆಟ್ಟಿಲು ಡಾಪ್ಲರ್ ಸ್ಕ್ಯಾನ್. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್‌ನ ಜಾತಿಗೇ ಸೇರಿದ್ದು. ಚುಚ್ಚುವುದಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ಅನೇಕರಿಗೆ ಇಷ್ಟರಲ್ಲೇ ಉತ್ತರ ಸಿಗುತ್ತದೆ.

ಒಂದು ಮಾತು ನೆನಪಿಡಿ. ನಡೆದಾಗ ಮಾತ್ರ ನೋವು ಬಂದು, ಗಾಯ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಆಂಜಿಯೋಗ್ರಾಂನ ಅವಸರವಿಲ್ಲ. ತಂಬಾಕು ಬಿಡುವುದು, ವೈದ್ಯರು ಕೊಟ್ಟ ಮಾತ್ರೆ ತಪ್ಪದೆ ನುಂಗುವುದು, ನೋವು ಬರುವತನಕ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ವಾರಕ್ಕೆ ಕನಿಷ್ಠ ಮೂರು ದಿನದಂತೆ ಮೂರು ತಿಂಗಳಾದರೂ ಮಾಡುವುದು, ಇವೇ ಮೊದಲ ಚಿಕಿತ್ಸೆ. ಬಲೂನ್ ಅಥವಾ ಶಸ್ತ್ರಕ್ರಿಯೆಯ ಯೋಚನೆ ಬಂದಾಗ ಮಾತ್ರ ರಕ್ತನಾಳದ ಪೂರ್ಣ ನಕ್ಷೆ ಬೇಕು. ವಿಶ್ರಾಂತಿಯಲ್ಲೂ ನೋವು, ಮಾಯದ ಗಾಯ, ಕಪ್ಪಾದ ಬೆರಳು ಇದ್ದರೆ ಆ ನಕ್ಷೆ ಬೇಗನೆ ಬೇಕು.

ಹಳೆಯ ಆಂಜಿಯೋಗ್ರಾಂ

ರಾಂಟ್‌ಜೆನ್ 1895ರಲ್ಲಿ ಕ್ಷ-ಕಿರಣ ಕಂಡುಹಿಡಿದಾಗ ಮೂಳೆ ಕಂಡಿತೇ ಹೊರತು ರಕ್ತನಾಳ ಕಾಣಲಿಲ್ಲ. ಕ್ಷ-ಕಿರಣವನ್ನು ತಡೆಯುವ ದ್ರವವನ್ನು ರಕ್ತನಾಳಕ್ಕೆ ತುಂಬಿದರೆ ಅದೂ ಕಂಡೀತು ಎಂಬ ಯೋಚನೆ ಬೇಗನೆ ಹುಟ್ಟಿತು. 1929ರಲ್ಲಿ ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ ರೇನಾಲ್ಡೊ ಡಾಸ್ ಸಾಂಟೋಸ್ ಅವರು ಬೆನ್ನಿನ ಕಡೆಯಿಂದ ಉದ್ದನೆಯ ಸೂಜಿಯನ್ನು ನೇರವಾಗಿ ಮಹಾಪಧಮನಿಗೇ ಚುಚ್ಚಿ ಚಿತ್ರ ತೆಗೆದರು. ಎಂಥ ಧೈರ್ಯ ಬೇಕಿತ್ತು ಊಹಿಸಿಕೊಳ್ಳಿ! 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸುಲಭದ ದಾರಿ ತೋರಿಸಿದರು. ಮೊದಲು ಸೂಜಿ, ಸೂಜಿಯೊಳಗಿಂದ ತೆಳುವಾದ ತಂತಿ, ಸೂಜಿ ತೆಗೆದು ತಂತಿಯ ಮೇಲಿಂದ ಮೆದು ನಳಿಕೆ. ಇಂದಿಗೂ ಜಗತ್ತಿನಾದ್ಯಂತ ನಡೆಯುವುದು ಇದೇ ಕ್ರಮ.

ತೊಡೆಸಂದಿನಲ್ಲಿ ಅಥವಾ ತೋಳಿನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕ್ಯಾಥೆಟರ್ ಎಂಬ ಆ ನಳಿಕೆಯನ್ನು ಅಪಧಮನಿಯೊಳಗೆ ತೂರಿಸುತ್ತಾರೆ. ಅದರ ಮೂಲಕ ಅಯೋಡಿನ್ ಇರುವ ದ್ರವ ಹಾಯಿಸಿ ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ "ಡೈ" ಎನ್ನುವುದು ಇದನ್ನೇ. ಹೆಸರಿಗೆ ಬಣ್ಣವಾದರೂ ನೋಡಲು ನೀರಿನಂತಿರುತ್ತದೆ. ಅದು ಹರಿಯುವಾಗ ಕಾಲಿನಲ್ಲಿ ಬಿಸಿ ಹರಿದಂತಾಗುತ್ತದೆ. ಗಣಕಯಂತ್ರವು ಮೂಳೆಯ ನೆರಳನ್ನು ಕಳೆದು ರಕ್ತನಾಳವನ್ನಷ್ಟೇ ಉಳಿಸಿ ತೋರಿಸುತ್ತದೆ.

ಇದರ ದೊಡ್ಡ ಗುಣಗಳು ಎರಡು. ಮೊದಲನೆಯದು, ಚಿತ್ರ ಬಹಳ ಸೂಕ್ಷ್ಮ. ಎರಡನೆಯದು, ಅಡಚಣೆ ಕಂಡರೆ ಅದೇ ನಳಿಕೆಯ ದಾರಿಯಲ್ಲಿ ಬಲೂನ್ ಕಳಿಸಿ ಆಗಲೇ ಬಿಡಿಸಬಹುದು. ಈ ಎರಡನೆಯ ಗುಣ ಜಗತ್ತಿಗೆ ಗೊತ್ತಾದದ್ದೂ ಒಂದು ಕಾಲಿನಿಂದಲೇ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 82 ವರ್ಷದ ಅಜ್ಜಿಯೊಬ್ಬರ ಕಾಲ್ಬೆರಳು ಕೊಳೆಯುತ್ತಿತ್ತು. ಕಾಲು ತೆಗೆಯಲು ಅವರು ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಕ್ಷ-ಕಿರಣ ತಜ್ಞರು ತೊಡೆಯ ಅಪಧಮನಿಯಲ್ಲಿದ್ದ ಕಿರಿದಾದ ಜಾಗವನ್ನು ನಳಿಕೆಗಳಿಂದಲೇ ಹಿಗ್ಗಿಸಿದರು. ಪಾದ ಬಿಸಿಯಾಯಿತು, ನೋವು ಹೋಯಿತು, ಹುಣ್ಣು ಮಾಯಿತು. ಅಜ್ಜಿ ಸ್ವಂತ ಕಾಲಿನ ಮೇಲೆ ನಡೆದಾಡಿದರು. ಇಂದು ಹೃದಯಕ್ಕೆ ಮಾಡುವ ಬಲೂನ್ ಚಿಕಿತ್ಸೆಯ ಮೂಲವೂ ಇದೇ.

ದೋಷಗಳೂ ಇವೆ. ಚುಚ್ಚಿದ ಜಾಗದಲ್ಲಿ ರಕ್ತ ಸೋರಬಹುದು, ಊದಿಕೊಳ್ಳಬಹುದು. ನಳಿಕೆ ತಗುಲಿ ರಕ್ತನಾಳದ ಒಳಪದರ ಸುಲಿಯಬಹುದು, ಒಳಗಿನ ಜಿಡ್ಡಿನ ಚೂರು ಕಳಚಿ ಕೆಳಗೆ ಹೋಗಿ ಸಿಕ್ಕಿಕೊಳ್ಳಬಹುದು. ಡೈ ಕೆಲವರಿಗೆ ಒಗ್ಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ಅದು ಇನ್ನಷ್ಟು ಹೊರೆ. ದೊಡ್ಡ ತೊಂದರೆಗಳು ಅಪರೂಪವೇನೋ ನಿಜ. ಆದರೆ ಬರೀ ನೋಡುವುದಕ್ಕಾಗಿ ಅಪಾಯ ಮೈಮೇಲೆ ಎಳೆದುಕೊಳ್ಳಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಅಯಸ್ಕಾಂತ ಬರೆದ ಚಿತ್ರ

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಎಂ.ಆರ್. ಆಂಜಿಯೋಗ್ರಾಂ. ನಮ್ಮ ದೇಹದ ಬಹುಪಾಲು ನೀರು, ನೀರಿನಲ್ಲಿ ಜಲಜನಕ. ಬಲವಾದ ಅಯಸ್ಕಾಂತದೊಳಗೆ ಮಲಗಿದಾಗ ಆ ಜಲಜನಕದ ಕಣಗಳು ಸಾಲುಗೂಡುತ್ತವೆ. ರೇಡಿಯೋ ಅಲೆ ಹಾಯಿಸಿದಾಗ ಅಲುಗಾಡಿ, ನಿಲ್ಲಿಸಿದಾಗ ಮರಳಿ ಸಣ್ಣ ಸಂಕೇತ ಕೊಡುತ್ತವೆ. ಗಣಕಯಂತ್ರ ಅದನ್ನೇ ಚಿತ್ರವಾಗಿಸುತ್ತದೆ. ಈ ವಿದ್ಯೆಗೆ ತಳಹದಿ ಹಾಕಿದ ಪಾಲ್ ಲೌಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಬಹುಮಾನ ಸಂದಿತು. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯದ್ದಕ್ಕಿಂತ ಸುಮಾರು ಮೂವತ್ತು ಸಾವಿರ ಪಟ್ಟು ಹೆಚ್ಚು. ಇದರಲ್ಲಿ ಕ್ಷ-ಕಿರಣ ಇಲ್ಲವೇ ಇಲ್ಲ.

ಕಾಲಿನ ರಕ್ತನಾಳ ನೋಡಲು ಎರಡು ದಾರಿಗಳಿವೆ. ಒಂದು, ಯಾವ ಡೈ ಇಲ್ಲದೆ ಹರಿಯುವ ರಕ್ತವನ್ನೇ ಬೆಳ್ಳಗೆ ಕಾಣಿಸುವುದು. ಇನ್ನೊಂದು, ಗ್ಯಾಡೊಲಿನಿಯಂ ಎಂಬ ಲೋಹದ ಸಂಯುಕ್ತವನ್ನು ಕೈಯ ಅಭಿಧಮನಿಗೆ ಕೊಟ್ಟು ಚಿತ್ರ ತೆಗೆಯುವುದು. ಎರಡನೆಯದು 1990ರ ದಶಕದಲ್ಲಿ ಬೆಳೆದು ಬಂತು, ಹೆಚ್ಚು ಬಳಕೆಯಲ್ಲೂ ಇದೆ. ಅಪಧಮನಿಗೆ ಚುಚ್ಚುವ ಮಾತೇ ಇಲ್ಲ. ಗ್ಲೂಕೋಸ್ ಹಾಕುವಂತೆ ಕೈಗೊಂದು ಸೂಜಿ ಅಷ್ಟೆ. ಹೊಟ್ಟೆ, ತೊಡೆ, ಮೀನಖಂಡ ಎಂದು ಮೂರು ಭಾಗವಾಗಿ ಮಂಚ ಸರಿಯುತ್ತಾ ಹೋಗುತ್ತದೆ. ಎರಡೂ ಕಾಲುಗಳ ನಕ್ಷೆ ಒಂದೇ ಬಾರಿಗೆ ಸಿಗುತ್ತದೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು.

ಯಾವುದು ಹೆಚ್ಚು ನಿಖರ?

ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಕಿರಿದಾದ ಜಾಗಗಳಲ್ಲಿ ನೂರಕ್ಕೆ ಸುಮಾರು 95ನ್ನು ಗ್ಯಾಡೊಲಿನಿಯಂ ಕೊಟ್ಟು ಮಾಡಿದ ಎಂ.ಆರ್. ಆಂಜಿಯೋಗ್ರಾಂ ಸರಿಯಾಗಿ ಗುರುತಿಸಿದೆ. ಬಲೂನ್ ಹಾಕಬೇಕೆ, ಬೈಪಾಸ್ ಮಾಡಬೇಕೆ, ಎಲ್ಲಿಂದ ಎಲ್ಲಿಗೆ ಎಂದು ತೀರ್ಮಾನಿಸಲು ಹೆಚ್ಚಿನ ರೋಗಿಗಳಿಗೆ ಇಷ್ಟು ಸಾಕು.

ಒಂದು ಸೋಜಿಗವೂ ಉಂಟು. ದಾರಿ ಪೂರ್ತಿ ಮುಚ್ಚಿದಾಗ ಹಳೆಯ ಆಂಜಿಯೋಗ್ರಾಂನಲ್ಲಿ ಡೈ ಕೆಳಗಿನವರೆಗೆ ಸರಿಯಾಗಿ ತಲುಪದೆ, ಜೀವಂತವಾಗಿರುವ ಸಣ್ಣ ರಕ್ತನಾಳವೂ ಸತ್ತಂತೆ ಕಾಣಬಹುದು. 1992ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವೈದ್ಯರು "ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್"ನಲ್ಲಿ ಇದನ್ನೇ ತೋರಿಸಿದರು. ಆಂಜಿಯೋಗ್ರಾಂನಲ್ಲಿ ಕಾಣದ ರಕ್ತನಾಳಗಳು ಎಂ.ಆರ್.ನಲ್ಲಿ ಕಂಡವು. ಕೆಲವರ ಚಿಕಿತ್ಸೆಯ ಯೋಜನೆಯೇ ಬದಲಾಯಿತು. ಬೈಪಾಸ್‌ನ ಕೆಳತುದಿ ಜೋಡಿಸಲು ಜಾಗವೇ ಇಲ್ಲ ಎಂದುಕೊಂಡಿದ್ದ ಕಾಲಿಗೆ ಜಾಗ ಸಿಕ್ಕಿತೆಂದರೆ ಆ ಕಾಲು ಉಳಿಯುವ ಅವಕಾಶ ಸಿಕ್ಕಿತೆಂದೇ ಅರ್ಥ.

ಎಂ.ಆರ್.ಗೂ ಮಿತಿಗಳಿವೆ. ಡೈ ಇಲ್ಲದ ಹಳೆಯ ವಿಧಾನದಲ್ಲಿ ರಕ್ತ ಸುಳಿಸುತ್ತುವ ಕಡೆ ಅಡಚಣೆ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಡೈ ಕೊಟ್ಟಾಗ ಮೀನಖಂಡದಲ್ಲಿ ಅದು ಬೇಗ ಅಭಿಧಮನಿಗೆ ದಾಟಿ, ಎರಡೂ ಬಗೆಯ ನಾಳಗಳು ಒಂದರ ಮೇಲೊಂದು ಬಂದು ಗೊಂದಲವಾಗುತ್ತದೆ. ಕಾಲು ನೋವಿನಿಂದ ಅಲುಗಿದರೆ ಚಿತ್ರ ಕೆಡುತ್ತದೆ. ಹಿಂದೆ ಹಾಕಿದ ಲೋಹದ ಸ್ಟೆಂಟ್ ಇದ್ದರೆ ಆ ಜಾಗ ಕಪ್ಪಾಗಿ, ಮುಚ್ಚಿದೆಯೋ ತೆರೆದಿದೆಯೋ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಎಂ.ಆರ್. ತೋರಿಸುತ್ತದೆಯೇ ವಿನಾ ರಿಪೇರಿ ಮಾಡುವುದಿಲ್ಲ.

ಇವೆರಡರ ನಡುವೆ ಸಿ.ಟಿ. ಆಂಜಿಯೋಗ್ರಾಂ ಇದೆ. ಅದು ಕ್ಷಣಗಳಲ್ಲಿ ಮುಗಿಯುತ್ತದೆ, ಹೆಚ್ಚು ಊರುಗಳಲ್ಲಿ ಸಿಗುತ್ತದೆ. ಆದರೆ ಕ್ಷ-ಕಿರಣವೂ ಬೇಕು, ಅಯೋಡಿನ್ ಡೈ ಕೂಡ ಬೇಕು. ರಕ್ತನಾಳ ಸುಣ್ಣಗಟ್ಟಿದ್ದರೆ ಆ ಸುಣ್ಣದ ಹೊಳಪಿನಲ್ಲಿ ಒಳಗಿನ ದಾರಿ ಕಾಣುವುದಿಲ್ಲ. ಮಂಡಿಯ ಕೆಳಗಿನ ಸಣ್ಣ ನಾಳಗಳಲ್ಲಿ ಇದು ಹೆಚ್ಚು. ಎಂ.ಆರ್.ಗೆ ಸುಣ್ಣದ ಅಡ್ಡಿ ಅಷ್ಟಾಗಿ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಇದೊಂದು ಲಾಭ.

ಮೂತ್ರಪಿಂಡದ ಪ್ರಶ್ನೆ

ಗ್ಯಾಡೊಲಿನಿಯಂ ಮೂತ್ರಪಿಂಡಕ್ಕೆ ಏನೂ ಮಾಡದು ಎಂದು ಬಹುಕಾಲ ನಂಬಲಾಗಿತ್ತು. ಅಯೋಡಿನ್ ಡೈ ಒಗ್ಗದ ಮೂತ್ರಪಿಂಡ ರೋಗಿಗಳಿಗೆ ಎಂ.ಆರ್.ಅನ್ನೇ ಸೂಚಿಸುತ್ತಿದ್ದರು. 2006ರಲ್ಲಿ ಈ ನಂಬಿಕೆಗೆ ಪೆಟ್ಟು ಬಿತ್ತು. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ, ಡಯಾಲಿಸಿಸ್‌ನಲ್ಲಿರುವವರಲ್ಲಿ, ಗ್ಯಾಡೊಲಿನಿಯಂ ಪಡೆದ ನಂತರ ಚರ್ಮ ದಪ್ಪಗಾಗಿ, ಕೀಲುಗಳು ಬಿಗಿದುಕೊಳ್ಳುವ ಗಂಭೀರ ಕಾಯಿಲೆ ಕಂಡುಬಂತು. ಕೆಲವು ಬಗೆಯ ಗ್ಯಾಡೊಲಿನಿಯಂನಲ್ಲಿ ಲೋಹ ಸಡಿಲವಾಗಿ ಬಿಡುಗಡೆಯಾಗುವುದೇ ಕಾರಣವೆಂದು ತಿಳಿಯಿತು. ಅನಂತರ ಎಚ್ಚರಿಕೆ ಹೆಚ್ಚಿತು. ಲೋಹವನ್ನು ಬಿಗಿಯಾಗಿ ಹಿಡಿದಿಡುವ ಬಗೆಗಳು ಬಳಕೆಗೆ ಬಂದು, ಈ ಕಾಯಿಲೆ ಈಗ ಬಹಳ ಅಪರೂಪವಾಗಿದೆ.

ಆದ್ದರಿಂದ ಯಾವುದೇ ಡೈ ಕೊಡುವ ಮುನ್ನ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಡಾಪ್ಲರ್, ಡೈ ಇಲ್ಲದ ಎಂ.ಆರ್., ಇಲ್ಲವೆ ಕೆಲವು ಕಡೆ ಇಂಗಾಲದ ಡೈಆಕ್ಸೈಡ್ ಅನಿಲ ಬಳಸಿ ಮಾಡುವ ಆಂಜಿಯೋಗ್ರಾಂ, ಹೀಗೆ ಬೇರೆ ದಾರಿಗಳಿವೆ.

ಯಾರಿಗೆ ಯಾವುದು?

* ಕಾಲಿಗೆ ಏನು ಮಾಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ, ಪೂರ್ಣ ನಕ್ಷೆ ಬೇಕು ಎನ್ನುವವರಿಗೆ ಎಂ.ಆರ್. ಆಂಜಿಯೋಗ್ರಾಂ ಒಳ್ಳೆಯ ಆಯ್ಕೆ.

* ಡಾಪ್ಲರ್‌ನಲ್ಲೇ ಅಡಚಣೆ ಸ್ಪಷ್ಟವಾಗಿ ಕಂಡು, ಬಲೂನ್ ಹಾಕುವುದೆಂದು ನಿಶ್ಚಯವಾಗಿದ್ದರೆ ನೇರವಾಗಿ ಹಳೆಯ ಆಂಜಿಯೋಗ್ರಾಂಗೇ ಹೋಗಬಹುದು. ನೋಡುವುದೂ ಬಿಡಿಸುವುದೂ ಒಂದೇ ಸಲಕ್ಕೆ ಆಗುತ್ತದೆ, ಖರ್ಚೂ ಉಳಿಯುತ್ತದೆ.

* ಎಂ.ಆರ್. ಅಥವಾ ಸಿ.ಟಿ.ಯಲ್ಲಿ ಮಂಡಿಯ ಕೆಳಗಿನ ಭಾಗ ಸ್ಪಷ್ಟವಾಗದೆ, ಕಾಲು ಉಳಿಸುವ ಪ್ರಶ್ನೆ ಎದುರಾದಾಗ ಹಳೆಯ ಆಂಜಿಯೋಗ್ರಾಂ ಮಾಡಿಸಲೇಬೇಕು.

* ಹಳೆಯ ಬಗೆಯ ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಹಳೆಯ ಕ್ಲಿಪ್ಪು, ಕಣ್ಣಿನಲ್ಲಿ ಕಬ್ಬಿಣದ ಚೂರು ಇರುವವರಿಗೆ ಎಂ.ಆರ್. ಅಪಾಯ. ಈಗಿನ ಎಷ್ಟೋ ಪೇಸ್‌ಮೇಕರುಗಳು ಎಂ.ಆರ್.ಗೆ ಹೊಂದುವಂಥವು. ಅದರ ಕಾರ್ಡನ್ನು ತಪ್ಪದೆ ತೋರಿಸಿ.

* ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಿಚಿ, ತಡೆಯಲಾರದ ನೋವು ಬಂದು, ಜೋಮು ಹಿಡಿದರೆ ಯಾವ ಪರೀಕ್ಷೆ ಎಂಬ ಚರ್ಚೆಗೆ ಸಮಯವಿಲ್ಲ. ಸುಮಾರು ಆರು ಗಂಟೆಯೊಳಗೆ ರಕ್ತ ಮರಳಿ ಹರಿಯಬೇಕು. ರಕ್ತನಾಳದ ಶಸ್ತ್ರಕ್ರಿಯೆ ಮಾಡುವ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೊರಡಿ.

ಪರೀಕ್ಷೆಗೆ ಹೋಗುವಾಗ

ಎಂ.ಆರ್. ಕೋಣೆಯೊಳಗೆ ಅಯಸ್ಕಾಂತ ಸದಾ ಎಚ್ಚರವಾಗಿರುತ್ತದೆ. ಬೀಗದ ಕೈ, ನಾಣ್ಯ, ಗಡಿಯಾರ, ಮೊಬೈಲ್, ಕಿವಿಯ ಯಂತ್ರ, ಬ್ಯಾಂಕಿನ ಕಾರ್ಡು ಎಲ್ಲವನ್ನೂ ಹೊರಗಿಡಿ. ನಮ್ಮ ಹೆಣ್ಣುಮಕ್ಕಳು ಬಳೆಗೆ, ತಾಳಿ ಸರಕ್ಕೆ ಸಿಕ್ಕಿಸಿಕೊಂಡಿರುವ ಪಿನ್ನು ಮರೆತುಹೋಗುವುದೇ ಹೆಚ್ಚು. ಅದನ್ನೂ, ತಲೆಯ ಕ್ಲಿಪ್ಪನ್ನೂ ತೆಗೆಯಿರಿ. ಜೊತೆಗೆ ಹೋಗುವವರಿಗೂ ಇದೇ ನಿಯಮ. ಯಂತ್ರ ಬಡಬಡನೆ ಸದ್ದು ಮಾಡುತ್ತದೆ, ಕಿವಿಗೆ ಹತ್ತಿ ಅಥವಾ ಮುಚ್ಚಳ ಕೊಡುತ್ತಾರೆ. ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರು ಮೊದಲೇ ಹೇಳಿ. ಕೈಗೆ ಕೊಟ್ಟ ಗುಂಡಿ ಒತ್ತಿದರೆ ಹೊರಗಿನವರು ತಕ್ಷಣ ಬರುತ್ತಾರೆ.

ಹಳೆಯ ಆಂಜಿಯೋಗ್ರಾಂಗೆ ಹೋಗುವವರು ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ, ಹಿಂದೆ ಡೈನಿಂದ ಆದ ಅಲರ್ಜಿ ಇವನ್ನೆಲ್ಲ ಮೊದಲೇ ತಿಳಿಸಬೇಕು. ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ತೊಡೆಸಂದಿನಲ್ಲಿ ಚುಚ್ಚಿದ್ದರೆ ಮುಗಿದ ಮೇಲೆ ಕೆಲವು ಗಂಟೆ ಕಾಲು ಮಡಿಸದೆ ಮಲಗಿರಬೇಕು. ಆ ಜಾಗ ಒದ್ದೆಯಾದರೆ, ಊದಿದರೆ, ಪಾದ ತಣ್ಣಗಾದರೆ ದಾದಿಯನ್ನು ಕೂಗಿ ಕರೆಯಲು ಸಂಕೋಚಬೇಡ.

ಈ ಪ್ರಶ್ನೆ ಕೇಳಿ

ಬೆರಳು ಕಪ್ಪಾದ ಮಾತ್ರಕ್ಕೆ ಕಾಲು ಹೋದಂತಲ್ಲ. ಮೇಲಿನ ಅಡಚಣೆ ಬಿಡಿಸಿದರೆ, ಮೊಣಕಾಲಿನವರೆಗೆ ತೆಗೆಯಬೇಕೆಂದಿದ್ದದ್ದು ಎರಡು ಬೆರಳಿಗೇ ಮುಗಿಯಬಹುದು. ಕೀವು ಮೈಗೆಲ್ಲ ಏರಿ ಜ್ವರ ಬಂದು ಜೀವಕ್ಕೇ ಕುತ್ತು ಬಂದಾಗ ಕಾಲು ತೆಗೆಯುವುದೇ ಜೀವ ಉಳಿಸುವ ದಾರಿ, ಆಗ ತಡ ಮಾಡಬಾರದು. ಅಂಥ ತುರ್ತು ಇಲ್ಲದಿದ್ದಾಗ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಒಂದು ಮಾತು ಕೇಳಿ: "ಡಾಕ್ಟ್ರೇ, ಕಾಲಿನ ರಕ್ತನಾಳದ ಚಿತ್ರ ತೆಗೆಸಿ ನೋಡಿದ್ದೀರಾ? ರಕ್ತ ಮತ್ತೆ ಹರಿಸುವ ದಾರಿ ಏನಾದರೂ ಇದೆಯೇ?" ಇದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ವೈದ್ಯರು ಈ ಪ್ರಶ್ನೆಯಿಂದ ಬೇಸರಿಸುವುದಿಲ್ಲ.

ಇನ್ನು ಮನೆಯಲ್ಲಿ ಮಾಡುವ ಪರೀಕ್ಷೆಯೊಂದಿದೆ. ಅದಕ್ಕೆ ಅಯಸ್ಕಾಂತವೂ ಬೇಡ, ಕ್ಷ-ಕಿರಣವೂ ಬೇಡ. ಸಕ್ಕರೆ ಕಾಯಿಲೆ ಇರುವ ಅಪ್ಪ-ಅಮ್ಮನ ಪಾದಗಳನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಿ. ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ. ಸಣ್ಣ ಗಾಯ ಕಂಡರೆ ಅರಿಶಿನ ಮೆತ್ತಿ ತಿಂಗಳು ಕಾಯಬೇಡಿ, ಅದೇ ವಾರ ವೈದ್ಯರಿಗೆ ತೋರಿಸಿ. ಬೀಡಿಯನ್ನು ಇವತ್ತೇ ಬಿಡಿಸಿ. ಬಲೂನ್ ಹಾಕಿ ತೆರೆದ ದಾರಿಯನ್ನೂ ಬೀಡಿ ಮತ್ತೆ ಮುಚ್ಚುತ್ತದೆ.